ಕುಪ್ಪುಸ್ವಾಮಿಯ ರೇಡಿಯೋ, ಆದಿನಾರಾಯಣನ ಗೋಡೆ

ಊರಿಗಾಂನ ಚಿನ್ನದ ಗಣಿಯ ಲೈನಿಗೆ, ಅಂದರೆ ಕೆಲಸಗಾರರ ಸಾಲುಮನೆಗಳಿಗೆ, ದಿನಪತ್ರಿಕೆ ತಲುಪುವಾಗ ಒಂದು ದಿನ ಹಳೆಯದಾಗಿರುತ್ತಿತ್ತು. ಬಂಗಾರಪೇಟೆಯಿಂದ ರೈಲಿನಲ್ಲಿ ಬಂದು, ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಹಗಲೆಲ್ಲ ಕಳೆದ ಮೇಲೆ ಅದು ಆದಿನಾರಾಯಣನ ಕೈಗೆ ಸಿಗುತ್ತಿತ್ತು. ಹಳೆಯದೆಂದು ಯಾರೂ ದೂರಿದ್ದಿಲ್ಲ. ಹಗಲು ಪಾಳಿ ಮುಗಿಸಿ, ಮೈ ತೊಳೆದು, ಅವನು ತನ್ನ ಮನೆಯ ಜಗಲಿಯ ಮೇಲೆ ಕೂರುತ್ತಿದ್ದ. ಕನ್ನಡದಲ್ಲಿ ಓದಿ, ತೆಲುಗಿನಲ್ಲಿ ಬಿಡಿಸಿ, ಹೊಡೆದಾಟದ ಸುದ್ದಿಯಿದ್ದರೆ ತಮಿಳಿನಲ್ಲಿ ಒಂದಿಷ್ಟು ಖಾರ ಬೆರೆಸಿ ಹೇಳುತ್ತಿದ್ದ. ಇಪ್ಪತ್ತು ಜನ ಕೂತು ಕೇಳುತ್ತಿದ್ದರು. ನಾಲ್ಕನೇ ಕ್ಲಾಸು ಓದಿ ಬಂಗಾರಪೇಟೆ ಕಡೆಯ ಹಳ್ಳಿಯಿಂದ ಬಂದವನಿಗೆ ಗಣಿ ಸಂಬಳ ಕೊಟ್ಟಿತ್ತು. ಮರ್ಯಾದೆ ಕೊಟ್ಟದ್ದು ಆ ಜಗಲಿ.

ಗಣಿಯಲ್ಲಿ ಅವನು ಟಿಂಬರ್‌ಮನ್. ನೆಲದಡಿಯ ದಾರಿಗಳಲ್ಲಿ ಬಂಡೆ ಕುಸಿಯದಂತೆ ಮರದ ಕಂಬ ಕೊಡುವ ಕೆಲಸ. ಕಬ್ಬಿಣದ ಸಲಾಕೆಯಿಂದ ಬಂಡೆ ತಟ್ಟಿದರೆ, ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ, ಪೊಳ್ಳು ಬಂಡೆ ಮಡಕೆಯಂತೆ. ಆ ವ್ಯತ್ಯಾಸ ಅವನ ಕಿವಿಗೆ ಚೆನ್ನಾಗಿ ಗೊತ್ತಿತ್ತು. ಅವನ ತಂಡದಲ್ಲಿ ಒಂದು ಕಟ್ಟಳೆಯಿತ್ತು. ಕಂಬ ಕೊಟ್ಟವನೇ ಮೊದಲು ಅದರ ಕೆಳಗೆ ಕೂರಬೇಕು, ಒಂದು ಎಲೆಅಡಿಕೆ ಜಗಿದು ಮುಗಿಯುವವರೆಗೆ. ಆ ಹೊತ್ತಿನಲ್ಲಿ ಮಾತಾಡಕೂಡದು. ಮರ ನರಳಿದರೆ ಕೇಳಿಸಬೇಕು. ಅವನು ಎದ್ದ ಮೇಲೆಯೇ ಉಳಿದವರು ಆ ಕಂಬವನ್ನು ನಂಬಿ ಮುಂದೆ ಹೋಗುತ್ತಿದ್ದರು.

1957ರಲ್ಲಿ ಇಂಗ್ಲಿಷ್ ದೊರೆಗಳು ಒಬ್ಬೊಬ್ಬರಾಗಿ ಊರು ಬಿಡುತ್ತಿದ್ದಾಗ ಬಂಗಲೆಗಳ ಸಾಮಾನುಗಳು ಹರಾಜಾದವು. ಪಕ್ಕದ ಮನೆಯ ಕುಪ್ಪುಸ್ವಾಮಿ, ಅವನೂ ಗಣಿಗಿಳಿಯುವವನೇ, ಒಂದು ರೇಡಿಯೋ ಹಿಡಿದ. ತೇಗದ ಪೆಟ್ಟಿಗೆ, ಒಳಗೆ ಗಾಜಿನ ಬುರುಡೆಗಳು, ಮುಂದೆ ಹಸಿರು ದೀಪದ ಒಂದು ಕಣ್ಣು. ಇಬ್ಬರು ಹೊತ್ತು ತಂದರು. ಲೈನಿನ ಹೆಂಗಸರು ಅದಕ್ಕೆ ಆರತಿ ಎತ್ತಿದರು.

ಮೊದಲ ಸಂಜೆಯೇ ಆದಿನಾರಾಯಣನ ಜಗಲಿಯಲ್ಲಿ ಉಳಿದವರು ಮೂವರು. ಅದರಲ್ಲಿ ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ.

"ಇವತ್ತಿನ ಸುದ್ದಿ ಇವತ್ತೇ ಏಳ್ತದಂತೆ," ಎಂದಳು ಹೆಂಡತಿ ಮುನಿರತ್ನಮ್ಮ.

"ಏಳ್ಲಿ. ಅರ್ಥ ಯಾರು ಏಳ್ತಾರೆ?"

ಅರ್ಥವನ್ನು ಕುಪ್ಪುಸ್ವಾಮಿಯೇ ಹೇಳುತ್ತಿದ್ದ. ಅವನ ಕನ್ನಡ ಅರ್ಧಂಬರ್ಧ. ಅಣೆಕಟ್ಟಿಗೆ ಅಡಿಗಲ್ಲು ಹಾಕಿದರೆಂದು ರೇಡಿಯೋ ಹೇಳಿದರೆ, ಅಣೆಕಟ್ಟು ಒಡೆಯಿತೆಂದು ಇವನು ತಮಿಳಿನಲ್ಲಿ ಬಿಡಿಸುತ್ತಿದ್ದ. ಜನ ಅಯ್ಯೋ ಎನ್ನುತ್ತಿದ್ದರು. ಗೋಡೆಯ ಈಚೆ ಕೂತ ಆದಿನಾರಾಯಣ ಹಲ್ಲು ಕಚ್ಚುತ್ತಿದ್ದ.

ಆ ಗೋಡೆ ಎರಡು ಮನೆಗೂ ಒಂದೇ. ಬಿದಿರ ತಟ್ಟಿ, ಎರಡೂ ಮೈಗೆ ಮಣ್ಣು ಮೆತ್ತಿ ಸುಣ್ಣ ಬಳಿದದ್ದು, ನಾಲ್ಕು ಬೆರಳು ದಪ್ಪ. ನೆಲದಲ್ಲಿಟ್ಟರೆ ರೇಡಿಯೋಗೆ ಇಲಿ ಮತ್ತು ಮಕ್ಕಳ ಕಾಟ. ಹೊರಗೋಡೆ ಮಳೆಗೆ ಒಸರುತ್ತಿತ್ತು, ಹಿಂದಿನದಕ್ಕೆ ಒಲೆಯ ಹೊಗೆ, ಮುಂದಿನದರಲ್ಲಿ ಬಾಗಿಲು. ಉಳಿದದ್ದು ಈ ನಡುಗೋಡೆ. ಎರಡನೇ ವಾರ ಕುಪ್ಪುಸ್ವಾಮಿ ಬಂದು ಜಗಲಿಯ ಕೆಳಗೆ ನಿಂತ.

"ಅಣ್ಣಾ, ರೇಡಿಯೋ ಇಡೋಕೆ ಗೋಡೆಗೆ ಒಂದ್ ಹಲಗೆ ಜಡಿದು ಕೊಡು. ನಿನ್ ಕೈ ಬಿಟ್ರೆ ಬೇರೆ ಕೈ ಬೇಡ."

ಹೊಗಳಿಕೆ ನಿಜವಾದದ್ದು. ಅದಕ್ಕೇ ಅದು ಹೆಚ್ಚು ಉರಿಸಿತು. ಆದಿನಾರಾಯಣ ಸುತ್ತಿಗೆ ಹಿಡಿದು ಹೋದ.

ಗೋಡೆಯುದ್ದಕ್ಕೂ ಬೆರಳ ಗೆಣ್ಣಿನಿಂದ ತಟ್ಟಿದ. ಮೂಲೆಯಲ್ಲಿ ಮಾತ್ರ ಗಟ್ಟಿ ಸದ್ದು. ಅಲ್ಲಿ ಮಣ್ಣಿನೊಳಗೆ ಒಂದು ಸರ್ವೆ ಕಂಬ ನಿಂತಿತ್ತು. ಉಳಿದದ್ದೆಲ್ಲ ಮಡಕೆ.

"ಮೂಲೆ ಬೇಡಣ್ಣಾ. ನಡುವೆ ಜಡಿ. ಜಗಲೀಲಿ ಕೂತೋರಿಗೂ ಹಸಿರು ದೀಪ ಕಾಣ್ಬೇಕು."

ಗಣಿಯಲ್ಲಾಗಿದ್ದರೆ ಈ ಮಾತಾಡಿದವನನ್ನು ಆದಿನಾರಾಯಣ ಅಲ್ಲಿಂದಲೇ ಓಡಿಸುತ್ತಿದ್ದ. ಈಗ ಅವನ ಕಣ್ಣ ಮುಂದೆ ಬಂದದ್ದು ತನ್ನ ಜಗಲಿ ಬಿಟ್ಟು ಇಲ್ಲಿ ಬಂದು ಕೂರುವ ಆ ಇಪ್ಪತ್ತು ಜನ.

"ನಿನ್ ಮನೆ, ನಿನ್ನಿಷ್ಟ," ಎಂದ. ನಡುವೆಯೇ ಹಲಗೆ ಹೊರಲು ಎರಡು ಮರದ ಕೈ ಕೊಟ್ಟು, ಐದಿಂಚಿನ ಮೊಳೆ ಹೊಡೆದು, ಹಲಗೆ ಕೂರಿಸಿದ. ರೇಡಿಯೋ ಏರಿತು. ನಿಂತಿತು.

"ಕೂತ್ಕೋ ಟಿಂಬರ್‌ಮನ್," ಎಂದು ನಕ್ಕ ಕುಪ್ಪುಸ್ವಾಮಿ. "ಎಲೆ ಅಡಿಕೆ ತರಿಸ್ಲಾ?"

"ಇದೇನ್ ಗಣಿನಾ? ಓಗಲಾ," ಎಂದು ಆದಿನಾರಾಯಣ ಸುತ್ತಿಗೆ ಎತ್ತಿಕೊಂಡು ಹೊರಟ. ಒಲೆಯ ಹತ್ತಿರ ಕೂತಿದ್ದ ಕುಪ್ಪುಸ್ವಾಮಿಯ ತಾಯಿ ಮಾರಿಯಮ್ಮ ತಲೆಯೆತ್ತಿ ನೋಡಿದಳು. ಅವಳ ಗಂಡ ಗಣಿಯಲ್ಲಿ ಬಂಡೆ ಬಿದ್ದು ಸತ್ತವನು.

ಮೊಳೆಗಳ ತುದಿಗಳು ಆದಿನಾರಾಯಣನ ಮನೆಯೊಳಕ್ಕೆ ಒಂದಿಂಚು ಬಂದಿದ್ದವು. "ಅವ್ರಿಗೆ ರೇಡಿಯೋ, ನಮಗೆ ಮೊಳೆ," ಎಂದು ಮುನಿರತ್ನಮ್ಮ ಮೇಲಿನ ತುದಿಗೆ ಒಣಮೆಣಸಿನಕಾಯಿ ಸರ ತೂಗುಹಾಕಿದಳು.

ಅಂದಿನಿಂದ ಆದಿನಾರಾಯಣನಿಗೆ ಒಂದು ಹೊಸ ಚಟ ಹತ್ತಿತು. ಪಾಳಿಯಿಂದ ಬಂದವನು ಮೊದಲು ನೋಡುತ್ತಿದ್ದುದು ಆ ತುದಿಯನ್ನು. ಹತ್ತು ದಿನಕ್ಕೆ ಅದು ಅರ್ಧ ಇಂಚಾಯಿತು. ಭಾರಕ್ಕೆ ಹಲಗೆ ಮುಂದಕ್ಕೆ ವಾಲುತ್ತಿತ್ತು, ಮೊಳೆ ಆಚೆ ಜಾರುತ್ತಿತ್ತು. ಆಚೆ ಮನೆಯಲ್ಲಿ ಯಾರಿಗೂ ಇದು ಕಾಣುವಂತಿರಲಿಲ್ಲ. ರೇಡಿಯೋ ಸಿಲೋನಿನ ತಮಿಳು ಹಾಡು ಬಂದು, ಜನ ತಾಳ ಹಾಕಿದಾಗ ಅವನು ತುದಿಯನ್ನೇ ದಿಟ್ಟಿಸುತ್ತಿದ್ದ. ಬೀಳಲಿ ಎಂದು ಬಾಯಿಬಿಟ್ಟು ಅಂದವನಲ್ಲ. ಆದರೆ ಬಿದ್ದ ಮರುದಿನ ಯಾವ ಸುದ್ದಿ ಓದಬೇಕೆಂದು ಯೋಚಿಸಿದ್ದ.

ಒಂದು ಭಾನುವಾರ ಮಧ್ಯಾಹ್ನ ನೆಲದಡಿ ಬಂಡೆ ಸಿಡಿಯಿತು. ಕೋಲಾರದ ಗಣಿಯಲ್ಲಿ ಅದು ಆಗಾಗ ಆಗುವುದೇ. ಪಾತ್ರೆಗಳು ಗಲಗಲ ಎನ್ನುತ್ತವೆ, ಹೆಂಚಿನಿಂದ ಧೂಳು ಉದುರುತ್ತದೆ. ಈ ಸಲ ಮೆಣಸಿನಕಾಯಿ ಸರ ನೆಲಕ್ಕೆ ಬಿತ್ತು. ಮುನಿರತ್ನಮ್ಮ ಬಗ್ಗಿ ಎತ್ತಿಕೊಂಡು ಮತ್ತೆ ಸಿಕ್ಕಿಸಲು ನೋಡಿದಳು. ಸಿಕ್ಕಿಸಲು ಏನೂ ಇರಲಿಲ್ಲ. ಮೇಲಿನ ಮೊಳೆಗಳ ಜಾಗದಲ್ಲಿ ಎರಡು ತೂತು ಮಾತ್ರ.

ಆದಿನಾರಾಯಣ ಉಣ್ಣುತ್ತಿದ್ದ ಕೈಯಲ್ಲೇ ಎದ್ದು ಓಡಿದ. ರೇಡಿಯೋ ಹಾಡುತ್ತಿತ್ತು. ಅದರ ಕೆಳಗೆ, ಗೋಡೆಗೆ ಒರಗಿ, ಮಾರಿಯಮ್ಮ ಕೂತಿದ್ದಳು.

"ಏಳವ್ವಾ! ಏಳು ಅಂದ್ರೆ!"

ಪೆಟ್ಟಿಗೆಗೆ ಹೆಗಲು ಕೊಟ್ಟು ನಿಂತ. ಕುಪ್ಪುಸ್ವಾಮಿ ಓಡಿ ಬಂದು ಇನ್ನೊಂದು ಕಡೆ ಹಿಡಿದ. ಇಬ್ಬರೂ ಅದನ್ನು ಇಳಿಸುವಾಗ ಹಲಗೆ ತಾನಾಗಿ ಕಳಚಿ ಬಿತ್ತು.

ಮಾರಿಯಮ್ಮ ನಿಧಾನವಾಗಿ ಎದ್ದಳು. "ಹದಿನೆಂಟು ದಿನ ಆಯ್ತಪ್ಪ ನಾನಿಲ್ಲಿ ಕೂತು."

"ಯಾಕವ್ವಾ?"

"ನೀನು ಕೂತ್ಕಳ್ಲಿಲ್ಲ. ನಾನ್ ನೋಡ್ದೆ. ಮಗನಿಗೆ ಏಳಿದ್ರೆ ನಗ್ತಾನೆ. ಅದ್ಕೆ, ಮಕ್ಕಳು ಈ ಜಾಗಕ್ ಬರ್ದಂಗೆ ನಾನೇ ಕೂತ್ಕಂಡೆ."

ಕುಪ್ಪುಸ್ವಾಮಿ ತಾಯಿಯನ್ನು ನೋಡಿದ, ಆದಿನಾರಾಯಣನನ್ನು ನೋಡಿದ. "ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು."

"ನಂಗೊಂದ್ ಮಾತು ಏಳ್ಬೋದಿತ್ತಲ್ಲಣ್ಣಾ."

"ಏಳ್ಬೋದಿತ್ತು."

ಸಂಜೆಯೊಳಗೆ ಆದಿನಾರಾಯಣ ಆಂಡರ್ಸನ್‌ಪೇಟೆಗೆ ಹೋಗಿ ಉದ್ದನೆಯ ಬೋಲ್ಟುಗಳನ್ನು ತಂದ. ತನ್ನ ಮನೆಯ ಬಾಗಿಲ ಬಳಿ ಅವನು ಪತ್ರಿಕೆ ಓದಲು ಕೂರುತ್ತಿದ್ದ ಹಲಗೆಯೊಂದಿತ್ತು, ಹೊನ್ನೆ ಮರದ್ದು. ಅದನ್ನೇ ಎತ್ತಿ, ತನ್ನ ಕಡೆಯ ಗೋಡೆಗೆ ಅಡ್ಡ ಇಟ್ಟು, ಒಂದು ತುದಿಯನ್ನು ಮೂಲೆಯ ಸರ್ವೆ ಕಂಬಕ್ಕೆ ಬಿಗಿದ. ಆಚೆ ಕಡೆ ಕುಪ್ಪುಸ್ವಾಮಿಯ ಹಲಗೆ. ನಡುವೆ ತಟ್ಟಿ ಗೋಡೆ, ಎರಡು ಅಂಗೈ ನಡುವಿನ ರೊಟ್ಟಿಯಂತೆ. ಬೋಲ್ಟುಗಳು ಆಚೆಯಿಂದ ಈಚೆಗೆ ತೂರಿದವು.

"ಬಂತಾ?" ಎಂದಿತು ಗೋಡೆ, ಕುಪ್ಪುಸ್ವಾಮಿಯ ದನಿಯಲ್ಲಿ.

"ಬಂತು. ಇಡ್ಕೋ, ಬಿಗಿ ಮಾಡ್ತೀನಿ."

ರೇಡಿಯೋ ಮತ್ತೆ ಏರುವ ಹೊತ್ತಿಗೆ ಬೆಂಗಳೂರಿನ ವಾರ್ತೆಯ ಸಮಯ. ಜನ ಆಗಲೇ ಕೂಡಿದ್ದರು. ಕತೆ ಲೈನು ತುಂಬ ಹರಡಿತ್ತು. ಮಾರಿಯಮ್ಮ ಎಲೆಗೆ ಸುಣ್ಣ ಸವರಿ, ಅಡಿಕೆಯಿಟ್ಟು ಮಡಚಿ ಚಾಚಿದಳು. ಆದಿನಾರಾಯಣ ಅದನ್ನು ಬಾಯಿಗಿಟ್ಟು, ರೇಡಿಯೋದ ಕೆಳಗೆ, ಗೋಡೆಗೆ ಒರಗಿ ಕೂತ.

ನೆತ್ತಿಯ ಮೇಲೆ ವಾರ್ತೆ ಶುರುವಾಯಿತು. ನಾಳೆ ಸಂಜೆ ತಾನು ಓದಬೇಕಾದದ್ದನ್ನೆಲ್ಲ ಯಾರೋ ಇಂದೇ, ಒಂದೇ ಉಸಿರಿನಲ್ಲಿ, ಯಾರ ಮುಖವನ್ನೂ ನೋಡದೆ ಓದಿಬಿಡುತ್ತಿದ್ದ. ಹೊಟ್ಟೆಯೊಳಗೆ ಅದೇ ಹಳೆಯ ಉರಿ. ಅದು ಬೋಲ್ಟಿಗೆ ಬಗ್ಗುವಂಥದಲ್ಲ.

ಜಗಲಿಯಿಂದ ಮುದುಕ ದೊಡ್ಡವೆಂಕಟಪ್ಪ ಕುತ್ತಿಗೆ ಚಾಚಿದ. "ಏನಂದ ಅವನು? ಗಣಿ ಅಂದಂಗಾಯ್ತು?"

ಕುಪ್ಪುಸ್ವಾಮಿ ಬಾಯಿ ತೆರೆದ, ಮುಚ್ಚಿದ. "ಅಣ್ಣನ್ನ ಕೇಳಿ," ಎಂದ.

ಎಲ್ಲರೂ ತಿರುಗಿದರು. ಇಪ್ಪತ್ತು ಮುಖ. ತಿಂಗಳಿಂದ ಆದಿನಾರಾಯಣ ಕಾದದ್ದು ಇದಕ್ಕೇ. ಸುದ್ದಿ ಅವನಿಗೆ ಪೂರಾ ಕೇಳಿಸಿತ್ತು, ಮೂರು ಭಾಷೆಯಲ್ಲೂ ನಾಲಗೆಯ ತುದಿಯಲ್ಲಿತ್ತು.

ಅವನು ಒಂದು ಬೆರಳೆತ್ತಿ, ತಾಳಿ ಎಂದು ಸನ್ನೆ ಮಾಡಿದ. ಎಲೆಅಡಿಕೆ ಇನ್ನೂ ಅರ್ಧ ಉಳಿದಿತ್ತು. ತಲೆಯನ್ನು ಹಲಗೆಯತ್ತ ಓರೆ ಮಾಡಿ, ಮರ ಏನಾದರೂ ಹೇಳುತ್ತದೆಯೇ ಎಂದು ಕೇಳಿಸಿಕೊಳ್ಳುತ್ತ ಜಗಿದ. ಅದು ಮುಗಿಯುವ ಹೊತ್ತಿಗೆ ಹಾಡು ಶುರುವಾಗಿತ್ತು, ದೊಡ್ಡವೆಂಕಟಪ್ಪ ತಾಳ ಹಾಕುತ್ತಿದ್ದ.