ಕಾಫಿ ಆರದ ಜಾಗ

ಕೆಲಸಕ್ಕೆ ಸೇರಿದ ಮೊದಲ ದಿನ ಎಸ್ಬೆನ್ ತನ್ನ ಒಡತಿಯನ್ನೇ ವೃದ್ಧಾಶ್ರಮದಿಂದ ತಪ್ಪಿಸಿಕೊಂಡು ಬಂದ ಅಜ್ಜಿ ಎಂದುಕೊಂಡ. ಡೆನ್ಮಾರ್ಕಿನ ಜುಟ್ಲೆಂಡ್ ಸೀಮೆಯ ಪಡುವಣ ದಂಡೆಯಲ್ಲಿ, ನರಪಿಳ್ಳೆಯ ಸುಳಿವಿಲ್ಲದ ಮರಳುದಿಬ್ಬಗಳ ನಡುವೆ, ಅಡುಗೆಮನೆ ಕುರ್ಚಿ ಹಾಕಿಕೊಂಡು, ಸಮುದ್ರಕ್ಕೆ ಬೆನ್ನು ಮಾಡಿ ಒಬ್ಬ ಹೆಂಗಸು ಕಾಫಿ ಲೋಟವನ್ನೇ ದಿಟ್ಟಿಸುತ್ತಿದ್ದರೆ ಇನ್ನೇನು ತಿಳಿಯಬೇಕು? ಅವನು ಮೊಣಕಾಲೂರಿ, ಕೂಸನ್ನು ಮಾತಾಡಿಸುವ ದನಿಯಲ್ಲಿ ಕೇಳಿದ: “ಅಜ್ಜೀ, ಮನೆ ಎಲ್ಲಿ ಅಂತ ನೆನಪಿದೆಯಾ?”

“ನೆನಪಿದೆ. ಹೊಸ ಆಳು ಬೆಳಿಗ್ಗೇನೇ ಬರ್ತೀನಿ ಅಂದಿದ್ದೂ ನೆನಪಿದೆ,” ಎಂದಳು ವಿಬೆಕೆ. “ಹೋಗು ಮಾರಾಯ, ಕಾರಿಂದ ಫ್ಲಾಸ್ಕ್ ತಗೊಂಡು ಬಾ.”

ವಿಬೆಕೆಯ ಕಸುಬು ಮನೆಗಳ ಸುತ್ತ ತೋಟ ರೂಪಿಸುವುದು. ಆಮೇಲೆ ಅವನಿಗೆ ತಿಳಿಯಿತು, ಆ ಕುರ್ಚಿಯೇ ಅವಳ ಅಳತೆಗೋಲು. ಎಲ್ಲಿ ಕೂತರೆ ಗಾಳಿಗೆ ಕಾಫಿ ಆರುವುದಿಲ್ಲವೋ ತೋಟ ಅಲ್ಲಿಂದ ಶುರು. ಓದು ಮುಗಿಸಿ ಕೋಪನ್‌ಹೇಗನ್ನಿನಿಂದ ಬಂದ ಹೊಸತರಲ್ಲಿ ಅವಳಿಗೂ ಈ ಬುದ್ಧಿ ಇರಲಿಲ್ಲ. ತನ್ನ ಮನೆ ಮುಂದೆ ಗುಲಾಬಿಯ ಕಮಾನು ನಿಲ್ಲಿಸಿದ್ದಳು. ಮೊದಲ ಬಿರುಗಾಳಿ ಅದನ್ನು ಗಿಡಗಳ ಸಮೇತ ಎತ್ತಿ ಪಕ್ಕದ ಮನೆಯ ಮಾಡಿನ ಮೇಲೆ ಕೂರಿಸಿತು. “ಈ ವರ್ಷ ನಮ್ಮ ಮಾಡಿಗೆ ಏನು ಕಳಿಸ್ತೀಯಮ್ಮ?” ಎಂದು ಪಕ್ಕದ ಮನೆಯ ಮುದುಕ ಇವತ್ತಿಗೂ ಕೇಳುತ್ತಾನೆ. ಅವಳಿಗೆ ಇವತ್ತಿಗೂ ನಗು ಬರುವುದಿಲ್ಲ.

ಆ ವಸಂತದಲ್ಲಿ ಸಿಕ್ಕಿದ್ದು ಒಂದೇ ಕೆಲಸ, ನಿವೃತ್ತ ಬೇಕರಿಯವ ಥೊರ್ಕಿಲ್‌ನ ಹೊಸ ಮನೆ. ಅದು ಕೈತಪ್ಪಿದರೆ ಎಸ್ಬೆನ್ ಮತ್ತೆ ಹೆರಿಂಗ್ ಮೀನಿನ ತಲೆ ಕತ್ತರಿಸುವ ಷೆಡ್ಡಿಗೇ ಹೋಗಬೇಕು. ಅಲ್ಲಿದ್ದಷ್ಟು ಕಾಲ ಬಸ್ಸಿನಲ್ಲಿ ಅವನ ಪಕ್ಕದ ಸೀಟು ಸದಾ ಖಾಲಿ.

“ದಿಬ್ಬ ಮಟ್ಟ ಮಾಡ್ಸಿ, ಲಾನು ಹಾಕಿ, ಸುತ್ತ ನೆಟ್ಟಗೆ ಗಿಡದ ಬೇಲಿ,” ಎಂದ ಥೊರ್ಕಿಲ್. “ಆಯುಷ್ಯವೆಲ್ಲ ಒಲೆ ಮುಂದೆ ನಿಂತಿದ್ದೀನಿ. ಇನ್ನು ಮೇಲೆ ಕೂತು ಸಮುದ್ರ ನೋಡೋದು.”

“ಕೂತ್ಕೊಳ್ಳಿ ಮತ್ತೆ,” ಎಂದಳು ವಿಬೆಕೆ. ಎಸ್ಬೆನ್ ದಿಬ್ಬದ ನೆತ್ತಿಯಲ್ಲಿ ಕುರ್ಚಿ ಇಟ್ಟ. ಗಾಳಿ ಬೀಸಿತು. ಅರ್ಧ ಕಾಫಿ ಥೊರ್ಕಿಲ್‌ನ ಅಂಗಿ ಕುಡಿಯಿತು.

“ನಿಮ್ಮ ಟೋಪಿ ಸ್ವೀಡನ್ನಿಗೆ ಹೊರಡ್ತು ಕಣ್ರೀ!” ಬಾಗಿಲಲ್ಲಿ ನಿಂತ ಹೆಂಡತಿ ಅಸ್ತಾ ಬಿದ್ದು ಬಿದ್ದು ನಕ್ಕಳು.

ಕುರ್ಚಿ ಅಲ್ಲಿಂದಿಳಿದು, ಇಲ್ಲಿ ನಿಂತು, ಅಲ್ಲಿ ಮುಗ್ಗರಿಸಿ, ಕೊನೆಗೆ ಸೊಟ್ಟ ಪೈನ್ ಮರಗಳ ಹಿಂದಿನ ತಗ್ಗೊಂದನ್ನು ಸೇರಿತು. ಕಾಫಿಯ ಹಬೆ ನೆಟ್ಟಗೆ ಮೇಲೇರಿತು. ಎರಡು ದಿಬ್ಬಗಳ ಸಂದಿನಲ್ಲಿ ಗೇಣುದ್ದ ಸಮುದ್ರ. ಥೊರ್ಕಿಲ್ ಗುಟುಕು ಗುಟುಕಾಗಿ ಕುಡಿದ.

“ಇಲ್ಲೊಂದು ಕಲ್ಲಿನ ಬೆಂಚು. ಮೊಲಗಳು ತುಳಿದ ಜಾಡೇ ಕಾಲುದಾರಿ,” ಎಂದಳು ವಿಬೆಕೆ.

“ಲಾನು?”

“ಬೇಡ.”

“ಬೇಲಿ?”

“ಅದೂ ಬೇಡ.”

ಎಸ್ಬೆನ್‌ನ ಮೂಗಿಗೆ ಹೆರಿಂಗ್ ವಾಸನೆ ಬಡಿಯಿತು. ಅಷ್ಟರಲ್ಲಿ ಥೊರ್ಕಿಲ್ ಲೋಟ ಮುಂದೆ ಚಾಚಿದ. “ಇನ್ನೊಂಚೂರು ಹಾಕಪ್ಪ.” ಎದ್ದು ಹೋಗುವವನ ಮಾತಲ್ಲ ಅದು. ವಾಸನೆ ಕೊಂಚ ಹಿಂದೆ ಸರಿಯಿತು.

“ಆಯ್ತು, ಕಲ್ಲು ತರ್ಸಿ,” ಎಂದ ಥೊರ್ಕಿಲ್. “ಆದ್ರೆ ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ತಗ್ಗು ಮೊದಲೇ ಇತ್ತು, ಮರ ಮೊದಲೇ ಇತ್ತು, ದಾರಿ ಮೊಲದ್ದು. ಇದರಲ್ಲಿ ನೀವು ಮಾಡಿದ್ದೇನು?”

ವಿಬೆಕೆ ಫ್ಲಾಸ್ಕಿನ ಮುಚ್ಚಳ ತಿರುಪಿದಳು.

“ನಿಮ್ಮನ್ನ ತಡೆದಿದ್ದು.”