ಸಹಜವಾಗಿರಿ, ಫೋಟೋ ತೆಗೀತೀನಿ

ಕ್ಯಾಮೆರಾ ಕೊಂಡವರಿಗೆಲ್ಲ ಒಂದೊಂದು ಕಾಯಿಲೆ ಬರುತ್ತದೆ. ಕೆಲವರಿಗೆ ಹೂವಿನ ಮೇಲಿನ ಇಬ್ಬನಿ, ಕೆಲವರಿಗೆ ಹಕ್ಕಿ, ಇನ್ನು ಕೆಲವರಿಗೆ ತಟ್ಟೆಗೆ ಬಡಿಸಿದ ಊಟ. ನನಗೆ ಬಂದದ್ದು ಸಹಜತೆಯ ಕಾಯಿಲೆ. ಗಂಡನ ವೀಸಾದ ಬಾಲ ಹಿಡಿದು ಡಲ್ಲಾಸಿಗೆ ಬಂದು, ಕೆಲಸ ಮಾಡುವ ಹಕ್ಕಿಲ್ಲದೆ ಇರ್ವಿಂಗಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆ ನೋಡುತ್ತ ಕೂತಿದ್ದವಳಿಗೆ, ಪಾಪ, ಅವರೇ ಒಂದು ಕ್ಯಾಮೆರಾ ತಂದುಕೊಟ್ಟರು. ಹತ್ತಿರದ ಲೈಬ್ರರಿಯಲ್ಲಿ ನಡೆಯುತ್ತಿದ್ದ ಪುಕ್ಕಟೆ ತರಗತಿಗೂ ಸೇರಿದೆ. ಅಲ್ಲಿನ ಮೇಷ್ಟ್ರು ತಲೆಯ ಮೇಲಿನ ಹ್ಯಾಟು ಎಂದೂ ತೆಗೆಯದ ಒಬ್ಬ ಅಜ್ಜ. ಕ್ಯಾಮೆರಾ ನೋಡಿ ನಕ್ಕರೆ ಅದು ಫೋಟೋ ಅಲ್ಲ, ಜಾಹೀರಾತು ಎಂದು ಮೊದಲ ದಿನವೇ ಹೇಳಿಬಿಟ್ಟರು. ಹೊಸದರಲ್ಲಿ ಅಗಸ ಎತ್ತಿ ಎತ್ತಿ ಒಗೆದನಂತಲ್ಲ, ಹಾಗೆ ನಾನು ಅಂದಿನಿಂದ ನಕ್ಕವರ ಫೋಟೋ ತೆಗೆಯುವುದನ್ನೇ ಬಿಟ್ಟೆ.

ಕಷ್ಟವೇನೆಂದರೆ, ನಮ್ಮ ಬಿಲ್ಡಿಂಗಿನಲ್ಲಿದ್ದವರು ಹೆಚ್ಚಾಗಿ ನೇಪಾಳಿಗಳು, ಕ್ಯಾಮೆರಾ ಕಂಡರೆ ನಗದೆ ಬಿಡದವರು. ಮಹಡಿಯ ಮೇಲೆ ಸರಿತಾ ಎಂಬ ಹುಡುಗಿ ಇಬ್ಬರು ಗೆಳತಿಯರ ಜೊತೆ ಇದ್ದಳು. ನೇಪಾಳದ ಚಿತ್ವನದ ಕಡೆಯವಳು. ಕಾಲೇಜಿನಲ್ಲಿ ಓದುತ್ತ, ಅಲ್ಲಿನ ಕ್ಯಾಂಟೀನಿನಲ್ಲೇ ಕೆಲಸವನ್ನೂ ಮಾಡುತ್ತಿದ್ದಳು. ನನ್ನನ್ನು 'ದಿದಿ' ಎನ್ನುತ್ತಿದ್ದಳು, ಎಂದರೆ ಅಕ್ಕ. ನಮ್ಮಿಬ್ಬರ ನಡುವಿನ ಭಾಷೆ ಹಿಂದಿ. ಅವಳದು ಟಿವಿ ಧಾರಾವಾಹಿಗಳಿಂದ ಕಲಿತದ್ದು, ನನ್ನದು ಮೈಸೂರಿನ ಹೈಸ್ಕೂಲಿನಲ್ಲಿ ಪಾಸಾಗುವಷ್ಟಕ್ಕೆ ಕಲಿತದ್ದು. ಹೀಗಾಗಿ ಅವಳು ಮಾತಾಡಿದರೆ ಅತ್ತೆ ಸೊಸೆ ಜಗಳದಂತೆಯೂ ನಾನು ಮಾತಾಡಿದರೆ ರಜಾ ಅರ್ಜಿಯಂತೆಯೂ ಕೇಳಿಸುತ್ತಿತ್ತು. ಆದರೂ ಹರಟೆಗೆ ಎಂದೂ ಬರ ಬರಲಿಲ್ಲ.

ಇಂಥ ಸರಿತಾ ನನ್ನ ಕ್ಯಾಮೆರಾ ಕಂಡ ಕೂಡಲೇ ಬೇರೆಯವಳೇ ಆಗಿಬಿಡುತ್ತಿದ್ದಳು. ಓಡಿಹೋಗಿ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದು, ಪಾರ್ಕಿಂಗಿನಲ್ಲಿ ನಿಂತ ಯಾರದೋ ಕೆಂಪು ಕಾರಿಗೆ ಒರಗಿ, ಒಂದು ಕೈ ಸೊಂಟದ ಮೇಲಿಟ್ಟು ನಿಲ್ಲುವಳು. "ಸಹಜವಾಗಿರು ಮಾರಾಯ್ತಿ" ಎಂದರೆ ಇನ್ನೂ ಸೆಟೆದು ನಿಲ್ಲುವಳು. ನಾವೆಲ್ಲ ಒಮ್ಮೆ ಹ್ಯೂಸ್ಟನ್ನಿಗೆ ಹೋಗಿ ಅದರ ಮಗ್ಗುಲಿನ ಸ್ಟಾಫರ್ಡಿನಲ್ಲಿರುವ ನಮ್ಮ ಕಡೆಯ ಅಂಗಡಿಗಳಿಗೆ ನುಗ್ಗಿದೆವು. ಬೆಂಡೆಕಾಯಿಯ ತುದಿ ಮುರಿದು ನೋಡುವ ಅವಳ ಬೆರಳುಗಳನ್ನು ಹಿಡಿಯಬೇಕೆಂದು ನಾನು ಹೊಂಚುತ್ತಿದ್ದರೆ, ಅವಳು ಬೆಂಡೆಕಾಯಿ ಅಲ್ಲೇ ಬಿಟ್ಟು, ಗೆಳತಿಯರನ್ನು ಸಾಲಾಗಿ ನಿಲ್ಲಿಸಿ, "ದಿದಿ, ಹಿಂದೆ ಅಂಗಡಿ ಬೋರ್ಡ್ ಪೂರ್ತಿ ಬರಲಿ" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು.

ಟೆಕ್ಸಸ್ಸಿನವರೂ ಏನು ಕಡಿಮೆಯಿಲ್ಲ ಅನ್ನಿ. ವಸಂತದಲ್ಲಿ ಆಸ್ಟಿನ್ ಕಡೆ ಡ್ರೈವ್ ಮಾಡಿದರೆ ಹೆದ್ದಾರಿಯ ಅಂಚಿನಲ್ಲಿ ಬ್ಲೂಬಾನೆಟ್ ಎಂಬ ನೀಲಿ ಹೂವು ಹಾಸಿಕೊಂಡಿರುತ್ತದೆ. ಊರಿಗೆ ಊರೇ ಮಕ್ಕಳಿಗೆ ಇಸ್ತ್ರಿ ಬಟ್ಟೆ ತೊಡಿಸಿ, ಆ ಹೂವಿನ ನಡುವೆ ಕೂರಿಸಿ, ನಗು ನಗು ಎಂದು ಗದರುತ್ತಿರುತ್ತದೆ. ನಮ್ಮ ಮೈಸೂರಿನ ಸ್ಟುಡಿಯೋಗಳಲ್ಲಿ ಮುಂಚೆ ಪರದೆಯ ಮೇಲೆ ಬರೆದ ಮಹಡಿಮೆಟ್ಟಿಲು ಇರುತ್ತಿತ್ತು. ಪಕ್ಕದ ಮೇಜಿನ ಮೇಲೆ ಎಲ್ಲಿಗೂ ತಂತಿಯಿಲ್ಲದ ಟೆಲಿಫೋನು. ಜೀವಮಾನದಲ್ಲಿ ಒಂದು ಕರೆಯನ್ನೂ ಮಾಡದ ನಮ್ಮ ತಾತ ಒಂದು ಫೋಟೋದಲ್ಲಿ ಅದನ್ನು ಕಿವಿಗಿಟ್ಟುಕೊಂಡು ಗಂಭೀರವಾಗಿ ಕೂತಿದ್ದಾರೆ. ಇನ್ನೂ ಹಿಂದಕ್ಕೆ ಹೋದರೆ ಬೇಲೂರಿನ ದರ್ಪಣ ಸುಂದರಿ. ಅಲಂಕಾರವೆಲ್ಲ ಮುಗಿದು ಕನ್ನಡಿ ಹಿಡಿದ ಮೇಲೆಯೇ ಶಿಲ್ಪಿ ಅವಳನ್ನು ಕಲ್ಲಿಗಿಳಿಸಿದ. ನನ್ನ ಹ್ಯಾಟಿನ ಮೇಷ್ಟ್ರ ಕೈಗೆ ಸಿಕ್ಕಿದ್ದರೆ ಅವಳು ತಲೆಯ ಸಿಕ್ಕು ಬಿಡಿಸುತ್ತ, ಬಾಯಲ್ಲಿ ಟೇಪು ಕಚ್ಚಿಕೊಂಡು ನಿಲ್ಲಬೇಕಾಗುತ್ತಿತ್ತು.

ಇಷ್ಟೆಲ್ಲ ತಿಳಿದೂ ನನ್ನ ಹಟ ಬಿಡಲಿಲ್ಲ. ಒಂದು ಭಾನುವಾರ ಸರಿತಾಳ ಮನೆಗೆ ಹೋದಾಗ ಅವಳು ನೆಲದ ಮೇಲೆ ಪೇಪರು ಹಾಸಿಕೊಂಡು ಮೊಮೊ ಮಡಿಸುತ್ತಿದ್ದಳು. ನಮ್ಮ ಕಡುಬಿನ ನೇಪಾಳಿ ತಂಗಿ ಅದು, ಅಂಚಿಗೆ ನೆರಿಗೆ ಹಿಡಿಯಬೇಕು. ಕೂದಲಿಗೊಂದು ಕ್ಲಿಪ್ಪು, ಮೈಮೇಲೆ ಕತ್ತು ಜೋಲುವ ಹಳೇ ಟೀ ಶರ್ಟು, ಹಿಂದೆ ಗೋಡೆಗೊರಗಿಸಿದ ಹಾಸಿಗೆ, ಕಿಟಕಿಯಿಂದ ಮುಖದ ಒಂದು ಪಕ್ಕಕ್ಕೆ ಬೆಳಕು. ಅವಳು ತಲೆ ಎತ್ತುವ ಮೊದಲೇ ಕ್ಲಿಕ್ಕಿಸಿದೆ. ತರಗತಿಯಲ್ಲಿ ತೋರಿಸಿದಾಗ ಅಜ್ಜ ಹ್ಯಾಟು ತೆಗೆದರು! ಸರಿತಾಳನ್ನು ಕೇಳಿಯೇ ಫೇಸ್‌ಬುಕ್ಕಿಗೆ ಹಾಕಿದೆ. ಹೊಗಳಿಕೆಯೋ ಹೊಗಳಿಕೆ. ನಾನು ನೆಲದ ಮೇಲಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಸರಿತಾ ಕಣ್ಣು ಕೆಂಪಗೆ ಮಾಡಿಕೊಂಡು ಕೆಳಗಿಳಿದು ಬಂದಳು. ಊರಲ್ಲಿ ಚಿಕ್ಕಪ್ಪನ ಮಗ ಆ ಫೋಟೋವನ್ನು ಅವಳ ಅಮ್ಮನಿಗೆ ತೋರಿಸಿದ್ದಾನೆ. ಅಮ್ಮ ಬೆಳಕನ್ನು ನೋಡಲಿಲ್ಲ, ನೆರಿಗೆಯನ್ನೂ ನೋಡಲಿಲ್ಲ. ಮಗಳಿಗೆ ಮಂಚವಿಲ್ಲ, ಕುರ್ಚಿಯಿಲ್ಲ, ಮೈಗೆ ಸರಿಯಾದ ಬಟ್ಟೆಯಿಲ್ಲ, ಕುತ್ತಿಗೆಯ ಮೂಳೆ ಕಾಣುತ್ತಿದೆ ಎಂದು ಎದೆ ಬಡಿದುಕೊಂಡು ಅತ್ತಿದ್ದಾರೆ.

"ಓದಿದ್ದು ಸಾಕು, ದಶೈಂ ಹಬ್ಬಕ್ಕೆ ವಾಪಸ್ ಬಾ, ಮಾವ ಗಂಡು ನೋಡಿದ್ದಾನೆ ಅಂತಿದಾರೆ ದಿದಿ. ನಾನು ಚೆನ್ನಾಗಿದೀನಿ ಅಂದ್ರೆ ಫೋಟೋ ಸುಳ್ಳು ಹೇಳುತ್ತಾ ಅಂತಾರೆ."

ಅಷ್ಟು ದಿನ ಆ ಹುಡುಗಿ ಯಾರದೋ ಕಾರಿಗೆ ಒರಗಿ ನಿಲ್ಲುತ್ತಿದ್ದದ್ದು ಜಂಬಕ್ಕೆ ಎಂದುಕೊಂಡಿದ್ದೆ. ಅದು ಊರಲ್ಲಿ ಅಮ್ಮನ ನೆಮ್ಮದಿಯ ನಿದ್ದೆಗೆ ಎಂದು ಈಗ ಹೊಳೆಯಿತು.

ಹತ್ತಿರದ ಊರು ಪ್ಲೇನೋದಲ್ಲಿ ನನಗೆ ಗುರುತಿನ ಒಬ್ಬರು ಆಂಟಿ ಇದ್ದರು. ಹುಬ್ಬಳ್ಳಿಯವರು, ನಿವೃತ್ತ ಡಾಕ್ಟರು, ಬಾಯಿ ಜೋರು, ಮನಸ್ಸು ಬೆಣ್ಣೆ. ಫೋನಿನಲ್ಲಿ ವಿಷಯ ತಿಳಿಸಿದೆ. "ಇದಕ್ಕ್ಯಾಕ ತಲಿ ಕೆಡಿಸ್ಕೋತಿ? ನಮ್ಮನಿ ಐತಲ್ಲ, ಕರಕೊಂಡು ಬಾ. ಹಂಗ ಫೋಟೋ ತಗದು ಕಳಸೋಣು, ಅಕಿ ಅವ್ವ ಕುಣೀಬೇಕು" ಎಂದರು. ಹೋದೆವು. ಜೂಮರ್ ದೀಪದ ಕೆಳಗೆ, ದೊಡ್ಡ ಸೋಫಾದ ಎದುರು ಹಣ್ಣಿನ ಬುಟ್ಟಿ ಸಿದ್ಧವಾಯಿತು. ಆಂಟಿ ತಾವೂ ಇಳಕಲ್ ಸೀರೆಯುಟ್ಟು ಸೋಫಾದ ನಡುವೆ ಆಸೀನರಾದರು. ಸರಿತಾ ಸಂಕೋಚದಿಂದ ಪಕ್ಕದಲ್ಲಿ ಕೈಕಟ್ಟಿ ನಿಂತಳು. ನಾನು ಸಹಜತೆಗೆ ಎಳ್ಳುನೀರು ಬಿಟ್ಟು, "ನಗು, ನಗು" ಎಂದು ಬ್ಲೂಬಾನೆಟ್ ಅಪ್ಪಂದಿರಂತೆ ಗದರಿದೆ. ಫೋಟೋ ಹೋಯಿತು. ಉತ್ತರವೂ ಬೇಗನೆ ಬಂತು. ಅದನ್ನು ಓದಿದ ಸರಿತಾಳ ಮುಖ ಬಿಳಿಚಿಕೊಂಡಿತು.

"ಆ ದೊಡ್ಡ ಹೆಂಗಸಿನ ಮನೇಲಿ ಕಸ ಮುಸುರೆಗೆ ಇದ್ದೀಯಾ ಅಂತ ಕೇಳ್ತಿದಾರೆ."

"ಅಯ್ಯ ಶಿವನ! ನಾ ಅಷ್ಟು ಜೋರು ಕಾಣಸ್ತೀನೇನು?" ಎಂದು ಆಂಟಿ ಎದ್ದು ನಿಂತರು. ಆಮೇಲೆ, "ಎಲ್ಲಿ, ಆ ಮೊದಲಿನ ಫೋಟೋ ತೋರ್ಸು" ಎಂದರು. ಕನ್ನಡಕ ಏರಿಸಿ, ಎಕ್ಸ್‌ರೇ ನೋಡುವಂತೆ ಫೋನನ್ನು ಕಿಟಕಿಗೆ ಹಿಡಿದು, ಮೂಲೆ ಮೂಲೆಯನ್ನೂ ದೊಡ್ಡದು ಮಾಡಿ ನೋಡಿದರು.

"ಏ, ಈ ಪರಾತದಾಗ ಇಷ್ಟ್ಯಾಕ ಮೊಮೊ ಅದಾವು? ಎಷ್ಟು ಮಂದಿಗೆ ಮಾಡ್ಯಾಳ?"

"ಬಿಲ್ಡಿಂಗಿನವರಿಗೆಲ್ಲ ಆಂಟಿ. ಭಾನುವಾರ ಎಲ್ಲರೂ ಅಲ್ಲೇ ಸೇರ್ತಾರೆ. ನಮ್ಮ ಮನೆಗೂ ಒಂದು ಡಬ್ಬಿ ಬರುತ್ತೆ."

"ಮತ್ತ ಅದನ್ನ ಅಕಿ ಅವ್ವಗ ಹೇಳಬೇಕೋ ಬ್ಯಾಡೋ? ಫೋನ್ ಹಚ್ಚು!"

ಆಮೇಲೆ ನಡೆದದ್ದು ಹುಬ್ಬಳ್ಳಿ ಹಿಂದಿಗೂ ಚಿತ್ವನದ ಹಿಂದಿಗೂ ಭೇಟಿ. ಫೋಟೋದಲ್ಲಿ ಮಗಳ ಕತ್ತು ನೋಡಬೇಡಿ, ಎಡಗಡೆಯ ಆ ದೊಡ್ಡ ತಟ್ಟೆ ನೋಡಿ. ಹಸಿದ ಹುಡುಗಿ ಊರಿಗೆಲ್ಲ ಉಣ್ಣಲು ಹಾಕುತ್ತಾಳೆಯೇ, ಒಬ್ಬಂಟಿ ಹುಡುಗಿಯ ಮನೆಗೆ ಅಷ್ಟು ಮಂದಿ ಊಟಕ್ಕೆ ಬರುತ್ತಾರೆಯೇ ಎಂದು ಆಂಟಿ ರೋಗಿಯ ಕಡೆಯವರಿಗೆ ವಿವರಿಸುವಂತೆ ಬಿಡಿಸಿ ಹೇಳಿದರು. ಆ ಕಡೆಯಿಂದ ಪಾತ್ರೆಯ ಸಪ್ಪಳ, ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು. ಕೊನೆಗೆ ನೇಪಾಳಿಯಲ್ಲಿ ಒಂದೇ ಒಂದು ಮಾತು ಬಂತು. ಸರಿತಾ ಅಳುತ್ತಲೇ ನಗತೊಡಗಿದಳು.

"ಏನಂದ್ರು?"

"ಹೂರಣ ಜಾಸ್ತಿ ತುಂಬ್ತಿದ್ದೀಯ, ಬೇಯೋವಾಗ ಒಡೆದುಹೋಗುತ್ತೆ ಅಂದ್ರು ದಿದಿ."

ತಾಯಿ ಬೈದಳೆಂದರೆ ಮಗಳು ಬದುಕಿದಳು. ಗಂಡಿನ ಮಾತು ಆ ವರ್ಷ ಮತ್ತೆ ಬರಲಿಲ್ಲ, ಓದು ಮುಂದುವರಿಯಿತು.

ಆದರೆ ನನಗೆ ಹೊಸ ಕಾಯಿಲೆ ಹತ್ತಿತು. ಯಾವ ಫೋಟೋ ಸಿಕ್ಕರೂ ಆಂಟಿಯಂತೆ ಮೂಲೆ ಮೂಲೆ ಹಿಗ್ಗಿಸಿ ನೋಡುವುದು. ಹಾಗೆ ಒಂದು ಮಧ್ಯಾಹ್ನ, ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿರುವ ನನ್ನ ಅಮ್ಮ ಕಳಿಸಿದ ಫೋಟೋಗಳನ್ನು ನೋಡುತ್ತ ಕೂತೆ. ಗೌರಿ ಹಬ್ಬದ್ದು, ಗೊಂಬೆ ಕೂರಿಸಿದ್ದು, ಅಣ್ಣನ ಮಗಳ ಹುಟ್ಟುಹಬ್ಬದ್ದು. ಎಲ್ಲದರಲ್ಲೂ ರೇಷ್ಮೆ ಸೀರೆ, ಎಲ್ಲದರಲ್ಲೂ ನಗು. ಎಲ್ಲದರಲ್ಲೂ ಅಮ್ಮ ಕೂತೇ ಇದ್ದಾಳೆ. ನಮ್ಮಮ್ಮ ಕೂರುವ ಜಾತಿಯವಳೇ ಅಲ್ಲ. ಮನೆಗೆ ನಾಲ್ಕು ಜನ ಬಂದರೆ ಅವಳ ಊಟ ಅಡುಗೆಮನೆಯಲ್ಲಿ ನಿಂತೇ ಮುಗಿಯುತ್ತಿತ್ತು. ಅಲ್ಲಿ ಬೆಳಗಾಗುವವರೆಗೆ ಕಾದು ಫೋನ್ ಮಾಡಿದೆ.

"ಅಮ್ಮ, ಒಂದು ಫೋಟೋ ಕಳಿಸು. ನಿಂತ್ಕೊಂಡಿರೋದು."

"ಯಾಕೇ? ಕೂತ್ರೆ ಚೆನ್ನಾಗಿ ಕಾಣಲ್ವಾ?"

"ಮಂಡಿ ನೋವಾ?"

"ಯಾರು ಹೇಳಿದ್ರು? ನಿಮ್ಮಣ್ಣನಾ?"

"ಯಾರೂ ಹೇಳ್ಲಿಲ್ಲ. ಎಲ್ಲಾ ಫೋಟೋದಲ್ಲೂ ಕೂತಿದೀಯ. ನನ್ನ ಹತ್ರ ಮುಚ್ಚಿಟ್ಟೆಯಲ್ಲಮ್ಮ!"

"ಆಹಾ, ಬಂದ್ಲು ಹೇಳೋಕೆ! ಅಮೆರಿಕಕ್ಕೆ ಹೋದಾಗಿಂದ ನೀನು ಕಳಿಸೋ ಫೋಟೋದಲ್ಲೆಲ್ಲ ಕೂಲಿಂಗ್ ಗ್ಲಾಸ್ ಹಾಕ್ಕೊಂಡಿರ್ತೀಯ. ನಾನು ಒಂದಿನ ತೆಗಿ ಅಂದ್ನಾ?"

"ಇಲ್ಲಿ ಬಿಸಿಲು ಜಾಸ್ತಿ ಅಮ್ಮ."

"ಹೂಂನಮ್ಮ. ಸೋಫಾದ ಮೇಲೂ ಬಿಸಿಲು."

ಕಪ್ಪು ಕನ್ನಡಕದ ಹಿಂದಿನ ಅತ್ತ ಕಣ್ಣು ಅಮ್ಮನಿಗೆ ಕಂಡೇ ಇತ್ತು. ಆಮೇಲೆ ಅಮ್ಮನೇ ದೊಡ್ಡ ಮನಸ್ಸು ಮಾಡಿ, ಮಂಡಿ ನೋವು ಎಲ್ಲಿ, ಹೇಗೆ ಶುರುವಾಯಿತು ಎಂದು ಮೊದಲಿಂದ ಹೇಳತೊಡಗಿದಳು. ನಾನು ಹೂಂಗುಟ್ಟುತ್ತ, ನನ್ನ ಸರದಿಗೆ ಕಾಯುತ್ತ ಕೂತೆ.