ಮೈಲೇಜ್ ಮಾವ
ಬೀದಿಯವರೆಲ್ಲ ಅವರನ್ನು ಕರೆಯುವುದು ಮೈಲೇಜ್ ಮಾವ ಎಂದೇ. ಕಸುಬಿನಲ್ಲಿ ದರ್ಜಿ, ಗೇಣು ಬಟ್ಟೆ ಉಳಿಸಿ ಜೇಬು ಹೊಲಿದ ಕೈಗೆ ಪೆಟ್ರೋಲ್ ಉಳಿಸುವುದನ್ನು ಹೇಳಿಕೊಡಬೇಕೇ? ಹದಿನೆಂಟು ವರ್ಷದ ಕಾರಿನ ಡಿಕ್ಕಿಯಲ್ಲಿ ಹೆಂಡತಿ ಮರೆತ ಕೊಡೆ ಕಂಡರೂ, "ಇದರ ಭಾರ ಎಳೆಯೋರು ಯಾರು?" ಎಂದು ಮನೆಯೊಳಗಿಟ್ಟು ಬರುತ್ತಾರೆ. ವಾರಕ್ಕೊಮ್ಮೆ ಟೈರಿನ ಗಾಳಿ ನೋಡುತ್ತಾರೆ, ಏರ್ ಫಿಲ್ಟರನ್ನು ಕೂಸಿನಂತೆ ಎತ್ತಿಕೊಂಡು ಧೂಳು ಕೊಡವುತ್ತಾರೆ. ದೂರದಲ್ಲಿ ಕೆಂಪು ದೀಪ ಕಂಡೊಡನೆ ಆಕ್ಸಿಲರೇಟರಿನಿಂದ ಕಾಲು ತೆಗೆದು, ಕಾರು ತೇಲಿಕೊಂಡು ಹೋಗಿ ಮುಟ್ಟುವ ಹೊತ್ತಿಗೆ ಸರಿಯಾಗಿ ಹಸಿರು ಬಂತೆಂದರೆ ಅಂದು ಅವರಿಗೆ ಒಂದು ತುತ್ತು ಹೆಚ್ಚೇ ಊಟ ಸೇರುತ್ತದೆ. ಹಿಂದಿನವರು ಹಾರ್ನ್ ಹೊಡೆದರೆ, "ಅರ್ಜೆಂಟಿದ್ರೆ ಮೇಲಿಂದ ಹಾರ್ಕೊಂಡು ಹೋಗಪ್ಪ" ಅನ್ನುತ್ತಾರೆ. "ನಿಮ್ಮ ಕಾರಿಗಿಂತ ನನ್ನ ಚಪ್ಪಲಿನೇ ವಾಸಿ, ಬೇಗ ಮುಟ್ಟಿಸುತ್ತೆ" ಎಂದು ಹೆಂಡತಿ ಅಂದರೂ ಅವರ ಮುಗುಳ್ನಗೆ ಮಾಸದು. ಆದರೆ ಭಾನುವಾರ ಬೆಳಿಗ್ಗೆ ಮಾತ್ರ, ಯಾವ ಕೆಲಸವೂ ಇಲ್ಲದೆ, ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರು ಸುತ್ತುತ್ತಾರೆ. ಮೂವತ್ತು ವರ್ಷ ಶಾಲೆಯ ವ್ಯಾನ್ ಓಡಿಸಿದವಳು, ತಮ್ಮನಿಗೂ ಸ್ಟೇರಿಂಗ್ ಹಿಡಿಯಲು ಕಲಿಸಿದವಳು ಅವಳೇ. ಈಗ ಕಣ್ಣು ಕಾಣದು. ಎಂಜಿನ್ನಿನ ಸದ್ದು ಕೇಳಿಯೇ, "ಹೂಂ, ಈಗ ಮೂರನೇ ಗೇರಿಗೆ ಹಾಕೋ" ಅನ್ನುತ್ತಾಳೆ. ವಯಸ್ಸಾಯಿತಲ್ಲ, ಹೇಳುವುದು ಒಂದಿಷ್ಟು ತಡವಾಗುತ್ತದೆ. ಅಷ್ಟು ಹೊತ್ತೂ ಎಂಜಿನ್ ಎರಡನೇ ಗೇರಿನಲ್ಲೇ ಅರಚುತ್ತ ಪೆಟ್ರೋಲ್ ಹೀರುತ್ತಿದ್ದರೂ, ಗೇರಿನ ಮೇಲೆ ಕೈಯಿಟ್ಟ ಮಾವ ಅವಳ ಮಾತಿಗಾಗಿ ಹಾಯಾಗಿ ಕಾಯುತ್ತಾರೆ.